ಹೂ ಮಾರುಕಟ್ಟೆಯ ಗದ್ದಲವನ್ನು ಕ್ಯಾನ್ವಾಸಿಗಿಳಿಸಲು ಎಂಟು ಸೂತ್ರಗಳು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿಗೇ ಹೂವಿನ ರಾಶಿ ಬಿದ್ದಿರುತ್ತದೆ. ಅದನ್ನು ತೈಲವರ್ಣದಲ್ಲಿ ಹಿಡಿಯಹೊರಟ ಹೊಸಬರು ಜನರನ್ನು ಒಬ್ಬೊಬ್ಬರನ್ನಾಗಿ ಬಿಡಿಸತೊಡಗುತ್ತಾರೆ. ಇಪ್ಪತ್ತು ಮುಖ ಮುಗಿಯುವಷ್ಟರಲ್ಲಿ ಉಮೇದು ಬತ್ತಿರುತ್ತದೆ. ಚಿತ್ರದಲ್ಲಿ ಜನರಿರುತ್ತಾರೆ, ಸಂತೆ ಇರುವುದಿಲ್ಲ.

1. ಜಾಗ ಮೊದಲು ಗೊತ್ತುಮಾಡಿ. ಮಹಡಿಯಿಂದ ಬಗ್ಗಿ ನೋಡಿದರೆ ಹೂರಾಶಿಗಳು ರಂಗೋಲಿಯಂತೆ, ಜನ ಬರೀ ತಲೆ-ಹೆಗಲಾಗಿ ಕಾಣುತ್ತಾರೆ. ಕೆಳಗೆ ನಿಂತರೆ ಒಬ್ಬರ ಹಿಂದೊಬ್ಬರು ಮರೆಯಾಗುತ್ತಾರೆ. ಚಿತ್ರಕಾರ ಪಿಸ್ಸಾರೊ 1897ರಲ್ಲಿ ಪ್ಯಾರಿಸ್ಸಿನ ಹೋಟೆಲ್ ಕೋಣೆಯೊಂದರಿಂದಲೇ ಮೊಂಮಾರ್ತ್ ಬೀದಿಯ 14 ಚಿತ್ರ ಬರೆದ. ಬಿಸಿಲು, ಮಂಜು, ರಾತ್ರಿ ಬದಲಾದವು, ಕಿಟಕಿ ಬದಲಾಗಲಿಲ್ಲ.

2. ಈಸಲ್ ಮನೆಯಲ್ಲೇ ಇರಲಿ. ನೂಕುನುಗ್ಗಲಿಗೆ ಪೆನ್ಸಿಲ್, ಪುಟ್ಟ ಪುಸ್ತಕ ಸಾಕು. ಎರಡೆರಡು ನಿಮಿಷದ, ಬೆಂಕಿಪೊಟ್ಟಣದಷ್ಟು ಚಿಕ್ಕ ರೇಖಾಚಿತ್ರ ಮಾಡಿ. ಮೊಳ ಹಾಕುವ ಕೈ, ಮಂಕರಿ ಹೊತ್ತ ಕತ್ತು, ಚೌಕಾಸಿಗೆ ಬಾಗಿದ ಬೆನ್ನು: ಇವೇ ನಿಮ್ಮ ಬಂಡವಾಳ. ಬೆಳಕು ಯಾವ ಕಡೆಯಿಂದ ಬಂತೆಂದು ಬಾಣದ ಗುರುತು ಹಾಕಿ.

3. ಕಣ್ಣು ಕಿರಿದು ಮಾಡಿ. ವಿವರ ಕರಗಿ ಕತ್ತಲು, ಬೆಳಕು, ನಡುವಿನ ಮಬ್ಬು ಉಳಿಯುತ್ತವೆ. ಬರ್ನ್ಟ್ ಅಂಬರ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ, ಇಡೀ ಜಂಗುಳಿಯನ್ನು ಒಂದೇ ಮೋಡದಂತೆ ಬಳಿಯಿರಿ. ಬೆಳಕು ಬಿದ್ದ ಕಡೆ ಬಟ್ಟೆಯಿಂದ ಒರೆಸಿ.

4. ತಲೆಗಳ ದಾರ ಹಿಡಿಯಿರಿ. ಸಮನೆಲದಲ್ಲಿ ನಿಂತು ನೋಡಿದಾಗ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ ದಿಗಂತದ ಒಂದೇ ಗೆರೆಯಲ್ಲಿರುತ್ತವೆ, ಹತ್ತಿರದವರದೂ ದೂರದವರದೂ. ಪಾದಗಳು ಮಾತ್ರ ದೂರ ಹೋದಷ್ಟೂ ಮೇಲೇರುತ್ತವೆ. ಕೂತ ಹೂವಾಡಗಿತ್ತಿ ಗೆರೆಯ ಕೆಳಗೆ, ತಲೆಹೊರೆ ಮೇಲೆ. ಮಹಡಿಯ ನೋಟಕ್ಕೆ ಈ ಲೆಕ್ಕ ನಡೆಯದು.

5. ತೆಳುವಿನ ಮೇಲೆ ಜಿಡ್ಡು. ಮೊದಲ ಪದರಕ್ಕೆ ಟರ್ಪೆಂಟೈನ್, ಮೇಲಿನವಕ್ಕೆ ಅಗಸೆ ಎಣ್ಣೆ ಹೆಚ್ಚುತ್ತಾ ಹೋಗಲಿ. ತಿರುಗಾಮುರುಗಾ ಮಾಡಿದರೆ ಮೇಲ್ಪದರ ಬೇಗ ಒಣಗಿ, ಅಡಿಯದು ಇನ್ನೂ ಅಲುಗಾಡುತ್ತಿರುವಾಗ ಬಿರುಕು ಬಿಡುತ್ತದೆ.

6. ಮೂವರಿಗಷ್ಟೇ ಮುಖ ಕೊಡಿ. ಮುಂದೆ ಕೂತವಳಿಗೆ ಮೂಗು-ನತ್ತು ಇರಲಿ. ಉಳಿದವರಿಗೆ ತಲೆಗೊಂದು ಚುಕ್ಕೆ, ಹೆಗಲಿಗೊಂದು ಎಳೆತ ಸಾಕು. ಆ ಚುಕ್ಕೆ ಚಿಕ್ಕದಿರಲಿ. ಹೊಸಬರ ಕೈಯಲ್ಲಿ ತಲೆ ಯಾವಾಗಲೂ ದಪ್ಪಗಾಗುತ್ತದೆ. 1874ರ ಪ್ಯಾರಿಸ್ ಚಿತ್ರಪ್ರದರ್ಶನದಲ್ಲಿ ಚಿತ್ರಕಾರ ಮೊನೆ ಬರೆದ ಕ್ಯಾಪುಸಿನ್ ಬೀದಿಯ ಜನರನ್ನು ವಿಮರ್ಶಕ ಲೂಯಿ ಲೆರುವಾ ಕಪ್ಪು ನೆಕ್ಕುಗಳೆಂದು ಗೇಲಿ ಮಾಡಿದ್ದ. ಆ ಬೀದಿ ಇಂದಿಗೂ ನಡೆದಾಡುತ್ತಿರುವುದು ಅವುಗಳಿಂದಲೇ.

7. ಬಣ್ಣದಲ್ಲಿ ಜಿಪುಣರಾಗಿ. ಚೆಂಡುಹೂವು ಉರಿಯಬೇಕಾದರೆ ಪಕ್ಕದ ಗೋಣಿಚೀಲ ಬೂದಾಗಿರಬೇಕು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಜೀವವಿರುವ ಬೂದು ಸಿಗುತ್ತದೆ. ಹಳದಿಯ ನೆರಳಿಗೆ ಕಪ್ಪು ಸೇರಿಸಬೇಡಿ, ಹಸಿರಿಗೆ ತಿರುಗುತ್ತದೆ. ಬರ್ನ್ಟ್ ಸಿಯೆನ್ನಾ ಹಾಕಿ. ನೀಲಿ ಟಾರ್ಪಾಲಿನಡಿ ಕೂತವರ ಕೆನ್ನೆಗೂ ಚೂರು ನೀಲಿ ಇಳಿಯಲಿ. ಮಲ್ಲಿಗೆ ದಂಡೆಯೂ ಪೂರಾ ಬಿಳಿಯಲ್ಲ. ಅಪ್ಪಟ ಬಿಳಿಯನ್ನು ಕೊನೆಯ ನಾಲ್ಕು ಮಿಂಚಿಗೆ ಕಾದಿಡಿ.

8. ಅಂಚು ಅಳಿಸಿ, ಕೈ ಎತ್ತಿ. ಒದ್ದೆ ಬಣ್ಣದ ಮೇಲೆ ಒಣಬ್ರಷ್ ಆಡಿಸಿ ಸೀರೆಯ ಅಂಚನ್ನು ಪಕ್ಕದ ಪಂಚೆಗೆ ಸೇರಿಸಿ. ಚಲನೆ ಹುಟ್ಟುವುದು ಅಲ್ಲಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬಿಸಾಡಬೇಡಿ, ತಾನಾಗಿ ಬೆಂಕಿ ಹತ್ತೀತು; ನೀರಿನ ಡಬ್ಬಿಗೆ ಹಾಕಿ ಮುಚ್ಚಿ. ಆಮೇಲೆ ಹತ್ತಡಿ ಹಿಂದೆ ಸರಿದು ನೋಡಿ. ಎಷ್ಟು ಜನರಿದ್ದಾರೆಂದು ಎಣಿಸಲು ಆಗುತ್ತಿದೆಯೇ? ಹಾಗಿದ್ದರೆ ಇನ್ನಷ್ಟು ಅಳಿಸಿ.