ಬ್ಯಾನಿಗೆ ಶೇಕಡಾ ಎಷ್ಟು?

ಅಂಗವೈಕಲ್ಯ ಅಳೆಯಲು ಕೇಂದ್ರ ಸರ್ಕಾರ 2001ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೆನ್ನುಮೂಳೆಯ ನೋವಿಗೆಂದೇ ಐದು ಸಾಲಿನ ಒಂದು ಕೋಷ್ಟಕವಿತ್ತು. 2018ರ ಜನವರಿಯಲ್ಲಿ ಮಾರ್ಗಸೂಚಿ ಹೊಸದಾದಾಗಲೂ ಅದು ಹಾಗೇ ಉಳಿಯಿತು. ರೋಗಿ ನೋವು ಎನ್ನುತ್ತಾನೆ, ಆದರೆ ಸ್ನಾಯು ಬಿಗಿದಿಲ್ಲ, ಮೂಳೆಯಲ್ಲಿ ದೋಷ ಕಾಣುವುದಿಲ್ಲ: ಶೇ 0. ನೋವು, ಬಿಗಿತ ಎರಡೂ ಇದ್ದು ಎಕ್ಸ್‌ರೇಯಲ್ಲಿ ಅಲ್ಪ ಬದಲಾವಣೆ ಕಂಡರೆ ಶೇ 20. ಮಧ್ಯಮ ಬದಲಾವಣೆಗೆ 25. ಕುತ್ತಿಗೆ, ಬೆನ್ನು, ಟೊಂಕ ಈ ಮೂರರಲ್ಲಿ ಒಂದು ಭಾಗ ತೀವ್ರವಾಗಿ ಕೆಟ್ಟಿದ್ದರೆ 30. ಇಡೀ ಬೆನ್ನುಮೂಳೆ ಹಾಗಾಗಿದ್ದರೆ 40. ಸರ್ಕಾರದ ಸವಲತ್ತುಗಳು ಶುರುವಾಗುವುದೇ ಆ 40ರಿಂದ. ನೋವಿನ ಕಾರಣಕ್ಕೆ ಅರ್ಜಿ ಹಾಕಲು ಹೊರಟವರು ಮೊದಲು ಓದಬೇಕಾದದ್ದು ಈ ಐದು ಸಾಲು.

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುತ್ತಾ, ಒಂದಕ್ಕೊಂದು ಬೆಸೆಯುತ್ತಾ ಹೋಗುವ ರೋಗ. ಪ್ರಾಯದಲ್ಲೇ ಹಿಡಿಯುತ್ತದೆ. ವಿಶ್ರಾಂತಿ ತೆಗೆದುಕೊಂಡಷ್ಟೂ ನೋವು ಜಾಸ್ತಿ, ಓಡಾಡಿದರೆ ಕಡಿಮೆ. ಮುಂಜಾನೆ ಎದ್ದಾಗ ಕಾಲುಚೀಲ ಏರಿಸಲಿಕ್ಕೂ ಹೆಂಡತಿ ಬರಬೇಕು. ಹತ್ತು ಗಂಟೆಯ ಹೊತ್ತಿಗೆ ಚಿಗರಿ ಬಸ್ಸಿನಲ್ಲಿ ಕುಳಿತು ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವವನೂ ನಾನೇ. ಸರ್ಕಾರಿ ವೈದ್ಯರ ಮುಂದೆ ನಿಲ್ಲುವುದು ಹನ್ನೊಂದರ ಮೇಲೆ. ಅಷ್ಟರಲ್ಲಿ ಗುಳಿಗೆ ಇಳಿದಿರುತ್ತದೆ, ನಡೆದಾಡಿ ಮೈ ಸಡಿಲಾಗಿರುತ್ತದೆ, ನೋಡಿದವರು ‘ಚಲೋ ಅದೀರಲ್ಲ’ ಅನ್ನುವ ಹಾಗೆ ಇರುತ್ತೇನೆ.

ಅರ್ಜಿ ಹಾಕುವುದು ಕಷ್ಟವಲ್ಲ. 2021ರ ಜೂನ್ 1ರಿಂದ ಪ್ರಮಾಣಪತ್ರ ಕೊಡುವುದೆಲ್ಲ ಸ್ವಾವಲಂಬನ್ ಜಾಲತಾಣದ ಮೂಲಕವೇ. ಆಧಾರ್, ಫೋಟೊ, ವಿಳಾಸದ ದಾಖಲೆ ಕೊಟ್ಟು, ಆಸ್ಪತ್ರೆ ಆರಿಸಿಕೊಂಡರೆ ಮುಗಿಯಿತು. ತಪಾಸಣೆ ಆದ ಮೇಲೆ ಯುಡಿಐಡಿ ಕಾರ್ಡು ಬರುತ್ತದೆ. ಮೊಬೈಲಿನಲ್ಲಿ ಮಾಡಲು ಬಾರದವರಿಗೆ ಹಳ್ಳಿಗಳಲ್ಲಿ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು, ಊರಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ವಿಕಲಚೇತನರೇ, ಫಾರ್ಮಿನ ಒಳಹೊರಗು ಗೊತ್ತಿರುವವರು. ಏಜೆಂಟನಿಗೆ ದುಡ್ಡು ಕೊಡುವ ಕಾರಣವೇ ಇಲ್ಲ.

ಕಷ್ಟವಿರುವುದು ತಪಾಸಣೆಯಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ‘ದೀರ್ಘಕಾಲದ ನೋವು’ ಅದರಲ್ಲಿಲ್ಲ. ಫೈಬ್ರೊಮಯಾಲ್ಜಿಯ ಇಲ್ಲ, ಮೈಗ್ರೇನ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ, 2022ರಲ್ಲಿ ಜಾರಿಗೆ ಬಂದದ್ದು, ದೀರ್ಘಕಾಲದ ನೋವಿಗೆ ತನ್ನದೇ ಸಂಕೇತ ಕೊಟ್ಟು ಅದನ್ನೂ ಒಂದು ರೋಗವೆಂದು ಎಣಿಸಿದೆ. ನಮ್ಮ ಕಾಯ್ದೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹೀಗಾಗಿ ನಮ್ಮಂಥವರು ಚಲನವಲನದ ವೈಕಲ್ಯ ಎಂಬ ಬಾಗಿಲಿನಿಂದಲೇ ಒಳಗೆ ಹೋಗಬೇಕು, ಅಲ್ಲಿ ಅಳೆಯುವುದು ನೋವನ್ನಲ್ಲ.

ಏನನ್ನು ಅಳೆಯುತ್ತಾರೆ ಅಂದರೆ, ನನ್ನ ಅಂಗಿ ಎತ್ತಿಸಿ, ಟೊಂಕದ ಮೇಲೆ ಬಾಲ್‌ಪೆನ್ನಿನಿಂದ ಎರಡು ಗೆರೆ ಎಳೆದರು, ನಡುವೆ ಸರಿಯಾಗಿ 10 ಸೆಂಟಿಮೀಟರ್. ದರ್ಜಿಯವರ ಹತ್ತಿರ ಇರುತ್ತದಲ್ಲ, ಅಂಥದೇ ಟೇಪು. ‘ಬಗ್ರಿ, ಇನ್ನೂ ಬಗ್ರಿ’ ಎಂದರು. ಆರೋಗ್ಯವಂತರು ಬಗ್ಗಿದಾಗ ಆ 10 ಸೆಂಟಿಮೀಟರ್ ಹಿಗ್ಗಿ 15 ದಾಟಬೇಕು. ನನ್ನದು 12ರ ಹತ್ತಿರ ನಿಂತಿತು. ವೈದ್ಯರು ಬರೆದುಕೊಂಡರು. ‘ಬ್ಯಾನಿ ಎಷ್ಟೈತ್ರಿ?’ ಅಂತ ಅವರು ಕೇಳಲಿಲ್ಲ. ಅವರ ಫಾರ್ಮಿನಲ್ಲಿ ಆ ಉತ್ತರ ಬರೆಯಲು ಜಾಗವೂ ಇರಲಿಲ್ಲ. ಇದರಲ್ಲಿ ವೈದ್ಯರ ತಪ್ಪು ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಕೋಷ್ಟಕ ಏನು ಕೇಳುತ್ತದೋ ಅದನ್ನೇ ಅವರೂ ಕೇಳುತ್ತಾರೆ.

ಮೊದಲ ಸಲ ನನಗೆ ಸಿಕ್ಕದ್ದು 30. ಕಡತದಲ್ಲಿದ್ದದ್ದು ಟೊಂಕದ ಎಕ್ಸ್‌ರೇ ಮಾತ್ರ, ಒಂದು ಭಾಗಕ್ಕೆ ಎಷ್ಟು ಸಲ್ಲಬೇಕೋ ಅಷ್ಟು ಸಂದಿತು. ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ಮರುತಪಾಸಣೆಗೆ ಹೋದಾಗ ಜೊತೆಗೆ ಚಪ್ಪೆಯ ಕೀಲುಗಳ ಫಿಲ್ಮ್ ಒಯ್ದೆ, ಕೀಲು ಎಷ್ಟು ಡಿಗ್ರಿ ತಿರುಗುತ್ತದೆ ಎಂದು ನನ್ನ ಸಂಧಿವಾತ ತಜ್ಞರಿಂದ ಬರೆಸಿಕೊಂಡಿದ್ದೆ. ಅದಕ್ಕೆ 18 ಬಿತ್ತು. ಲೆಕ್ಕ ಬರೆಯುವ ಕಸುಬಿನವನಾದ ನಾನು 30, 18 ಕೂಡಿಸಿ 48 ಎಂದುಕೊಂಡರೆ, ಸರ್ಕಾರದ ಸೂತ್ರ ಬೇರೆ. ದೊಡ್ಡ ಅಂಕಿಯನ್ನು 90ರಲ್ಲಿ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸಬೇಕು. 60ನ್ನು 18ರಿಂದ ಗುಣಿಸಿ 90ರಿಂದ ಭಾಗಿಸಿದರೆ 12. ಒಟ್ಟು 42. ಗಡಿ ದಾಟಿದೆ.

ಆವತ್ತು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದವರು ಅಮರಗೋಳದ ಎಪಿಎಂಸಿಯ ಹಮಾಲರು. ನನಗಿಂತ ಸಣ್ಣವರಿರಬೇಕು, ನೋಡಲು ಹಿರಿಯರಂತಿದ್ದರು. ಕೈಯಲ್ಲಿ ಸುರುಳಿ ಸುತ್ತಿದ ಎಕ್ಸ್‌ರೇ. ‘ಚೀಲಾ ಹೊತ್ತು ಹೊತ್ತು ಟೊಂಕಾ ಹೋತ್ರಿ ಸರ್ರ. ಫೋಟೊದಾಗ ಏನೂ ಕಾಣಂಗಿಲ್ಲಂತಾರ. ಕಾಣಂಗಿಲ್ಲಂದ್ರ ಬ್ಯಾನಿ ಇಲ್ಲಂತೇನ್ರಿ?’ ಕೋಷ್ಟಕದ ಮೊದಲ ಸಾಲಿನ ಉತ್ತರ ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಈಗ ಹಣದ ಮಾತು. 42ರಿಂದ ನನಗೆ ಬಂದದ್ದೇನು?

ಮಾಸಾಶನ ಬರಲಿಲ್ಲ. ಕರ್ನಾಟಕದಲ್ಲಿ ಶೇ 40ರಿಂದ 74ರವರೆಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ. 2021ರಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸತರಲ್ಲಿ 600 ಇದ್ದದ್ದನ್ನು ಏರಿಸಿದರು. ಶೇ 75 ಮೇಲ್ಪಟ್ಟರೆ 1,400. ಅರ್ಜಿ ನಾಡಕಚೇರಿಗೆ, ಮಂಜೂರಾತಿ ತಹಶೀಲ್ದಾರರಿಂದ. ಆದರೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ವರ್ಷಕ್ಕೆ ಎಂದು ಮತ್ತೊಮ್ಮೆ ಓದಿಕೊಳ್ಳಿ. ತಿಂಗಳಿಗೆ 2,667 ರೂಪಾಯಿ ಆಯಿತು. ಗೃಹಲಕ್ಷ್ಮಿಯ 2,000 ರೂಪಾಯಿಗೆ ಹೋಲಿಸಿದರೆ ಈ 800 ಎಷ್ಟರದ್ದು ಎಂಬುದನ್ನು ಬಿಡಿ. ಆ ಆದಾಯದಲ್ಲಿ ಒಂದು ಮನೆ ನಡೆಯುತ್ತದೆ ಎಂದು ನಂಬುವುದೇ ಕಷ್ಟ.

ನನಗೆ ದಕ್ಕಿದ್ದು ಆದಾಯ ತೆರಿಗೆಯಲ್ಲಿ. ಹಳೆಯ ಪದ್ಧತಿಯ 80ಯು ಕಲಮಿನಲ್ಲಿ ಶೇ 40 ದಾಟಿದವರಿಗೆ 75,000 ರೂಪಾಯಿ, ಶೇ 80 ದಾಟಿದವರಿಗೆ 1,25,000 ರೂಪಾಯಿ ಆದಾಯದಿಂದ ಕಡಿತ. ಖರ್ಚಿನ ರಸೀದಿ ಕೇಳುವುದಿಲ್ಲ, ಪ್ರಮಾಣಪತ್ರ ಸಾಕು. ವಿಕಲಚೇತನರು ನಿಮ್ಮ ಅವಲಂಬಿತರಾಗಿದ್ದರೆ ಇಷ್ಟೇ ಮೊತ್ತ 80ಡಿಡಿಯಲ್ಲಿ. ನಾನಿದ್ದದ್ದು ಶೇ 20ರ ಹಂತದಲ್ಲಿ, ಸೆಸ್ ಸೇರಿಸಿ ವರ್ಷಕ್ಕೆ 15,600 ರೂಪಾಯಿ ಉಳಿಯಿತು. ತಿಂಗಳ ಲೆಕ್ಕದಲ್ಲಿ 1,300.

ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಇರಿಸುಮುರಿಸಾದದ್ದು. ಚೆನ್ನಾಗಿ ದುಡಿಯುವ ನನ್ನ ನೋವಿಗೆ ಸರ್ಕಾರ ತಿಂಗಳಿಗೆ 1,300 ಬಿಟ್ಟುಕೊಟ್ಟಿತು. ಕಡುಬಡವನ ಅಷ್ಟೇ ನೋವಿಗೆ 800 ಕೊಡುತ್ತದೆ. ನಡುವೆ ಇರುವವರು, ಅಂದರೆ ತಿಂಗಳಿಗೆ ಹತ್ತು–ಹದಿನೈದು ಸಾವಿರ ದುಡಿಯುವ ಹಮಾಲರು, ಆಟೊದವರು, ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರು, ಇವರಿಗೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲ, ಮಾಸಾಶನ ಪಡೆಯುವಷ್ಟು ಬಡತನವಿಲ್ಲ. ಟೊಂಕ ಹಾಳಾಗುವುದು ಮಾತ್ರ ಹೆಚ್ಚಾಗಿ ಇವರದೇ.

ನನ್ನ 1,300 ಕೂಡ ಈಗ ಉಳಿದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 80ಯು ಸಲ್ಲುವುದಿಲ್ಲ. 2025–26ರಿಂದ ಆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದ್ದರಿಂದ ನಾನು ಅತ್ತ ಹೋದೆ, ಕಾರ್ಡಿಗೂ ತೆರಿಗೆಗೂ ಸಂಬಂಧ ಕಡಿಯಿತು. 12 ಲಕ್ಷ ಮೀರಿದವರು, ಗೃಹಸಾಲದ ಬಡ್ಡಿ ಮುಂತಾದ ಕಡಿತಗಳು ಇರುವವರು ಎರಡೂ ರೀತಿ ಲೆಕ್ಕ ಹಾಕಿ ನೋಡಬೇಕು.

ಹಾಗಾದರೆ ಕಾರ್ಡು ಬೇಡವೇ? ಬೇಕು. ವಾಯವ್ಯ ಸಾರಿಗೆಯ ವಿಕಲಚೇತನರ ಪಾಸು ವರ್ಷಕ್ಕೆ 660 ರೂಪಾಯಿ, ವಾಸದ ಊರಿನಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಶಕ್ತಿ ಯೋಜನೆ ಬಂದ ಮೇಲೆ ಇದರ ಅಗತ್ಯ ಗಂಡಸರಿಗೇ ಹೆಚ್ಚು. ಚಲನವಲನದ ವೈಕಲ್ಯದವರಲ್ಲಿ ರೈಲಿನ ರಿಯಾಯಿತಿ ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದವರಿಗೆ ಮಾತ್ರ, ಅದಕ್ಕೆ ಬೇರೆಯೇ ಪ್ರಮಾಣಪತ್ರ. ಆದರೆ ನೈಋತ್ಯ ರೈಲ್ವೆ, ವಾಯವ್ಯ ಸಾರಿಗೆ ಎರಡರ ಕೇಂದ್ರ ಕಚೇರಿಯೂ ಇರುವ ಹುಬ್ಬಳ್ಳಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕಾಯ್ದೆಯ 20ನೇ ಕಲಮು. ಸರ್ಕಾರಿ ಸಂಸ್ಥೆಯ ನೌಕರನಿಗೆ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಅವನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಶೇ 40 ಎಂಬ ಮಾತು ಆ ಕಲಮಿನಲ್ಲಿಲ್ಲ. ಸ್ಟೇರಿಂಗ್ ಹಿಡಿದು ಹಿಡಿದು ಕುತ್ತಿಗೆ ಹೋದ ಚಾಲಕರು ಸ್ವಯಂನಿವೃತ್ತಿಯ ಕಾಗದಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಲಿ. 2024ರ ಅಕ್ಟೋಬರಿನ ತಿದ್ದುಪಡಿಯ ನಂತರ ಶೇ 40ಕ್ಕಿಂತ ಕಡಿಮೆ ಇರುವವರಿಗೂ ಬಿಳಿ ಬಣ್ಣದ ಕಾರ್ಡು ಸಿಗುತ್ತದೆ.

ಖಾಸಗಿಯವರಿಗೆ ಈ ರಕ್ಷಣೆ ಇಲ್ಲ. ಅವರು ನೋಡಬೇಕಾದದ್ದು ಸಂಬಳದ ಚೀಟಿಯನ್ನು. ಇಎಸ್‌ಐ ಕಡಿತವಿದ್ದರೆ ಕಾಯಿಲೆ ರಜೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ದೀರ್ಘಕಾಲದ 34 ರೋಗಗಳ ಪಟ್ಟಿಯೊಂದಿದೆ, ಅದರಲ್ಲಿ ಬೆನ್ನಿನ ಡಿಸ್ಕ್ ಜಾರುವುದೂ ಸೇರಿದೆ. ಎರಡು ವರ್ಷ ಸೇವೆ ಆಗಿದ್ದವರಿಗೆ ಶೇ 80ರಂತೆ ಎರಡು ವರ್ಷದವರೆಗೂ ಕೊಡಬಹುದು. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಲ್ಲಿ, ಸೇವೆಯಲ್ಲಿರುವಾಗಲೇ ಪೂರ್ತಿಯಾಗಿ, ಶಾಶ್ವತವಾಗಿ ದುಡಿಯಲಾಗದಂತಾದವರಿಗೆ ಹತ್ತು ವರ್ಷ ತುಂಬಿರದಿದ್ದರೂ ಪಿಂಚಣಿಯುಂಟು. ಕೆಲಸ ಬಿಟ್ಟ ಮೇಲೆ ಕೇಳಲು ಹೋದರೆ ಎರಡೂ ಕೈತಪ್ಪಬಹುದು. ನೋವು ತಾಳದೆ ರಾಜೀನಾಮೆ ಕೊಡಲು ಹೊರಟವರಿಗೆ ನಾನು ಹೇಳುವುದು, ಮೊದಲು ರಜೆ, ಆಮೇಲೆ ಅರ್ಜಿ, ಕೊನೆಗೆ ರಾಜೀನಾಮೆ.

ವಿಮೆಯವರು ‘ಅಂಗವೈಕಲ್ಯಕ್ಕೂ ಕವರ್ ಐತ್ರಿ’ ಎಂದರೆ ಯಾವುದರಿಂದ ಬಂದ ವೈಕಲ್ಯ ಎಂದು ಕೇಳಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಿಂದ ಹಿಡಿದು ದೊಡ್ಡ ಅಪಘಾತ ಪಾಲಿಸಿಗಳವರೆಗೆ ಎಲ್ಲ ಅಪಘಾತಕ್ಕೆ ಮಾತ್ರ. ರೋಗದಿಂದ ಬಗ್ಗದಾದ ಬೆನ್ನಿಗೆ ಅವು ಒಂದು ಪೈಸೆ ಕೊಡುವುದಿಲ್ಲ. ಆರೋಗ್ಯ ವಿಮೆ ಬೇರೆ ಮಾತು. ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ನನ್ನ ಔಷಧ, ಫಿಸಿಯೋಥೆರಪಿಗೆ ತಿಂಗಳಿಗೆ ಆರು ಸಾವಿರ ಹೋಗುತ್ತದೆ, ಅದು ಯಾವ ವಿಮೆಯಿಂದಲೂ ಬರುವುದಿಲ್ಲ. ಅದಕ್ಕೆಂದು ಪ್ರತ್ಯೇಕ ಆರ್‌ಡಿ ಇಟ್ಟಿದ್ದೇನೆ.

ತಪಾಸಣೆಗೆ ಹೋಗುವವರು ಇಡೀ ಬೆನ್ನುಮೂಳೆಯ ಮತ್ತು ನೋಯುವ ಪ್ರತಿ ಕೀಲಿನ ಫಿಲ್ಮ್ ಒಯ್ಯಿರಿ. ನಿಮ್ಮ ವೈದ್ಯರ ಪತ್ರದಲ್ಲಿ ‘ತೀವ್ರ ನೋವು’ ಎಂದಷ್ಟೇ ಇದ್ದರೆ ಅದಕ್ಕೆ ಸೊನ್ನೆ. ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು, ಯಾವ ಕೀಲು ಎಷ್ಟು ಡಿಗ್ರಿ ಎಂದು ಬರೆಸಿ. ಮುಂಜಾನೆಯ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂಬುದೂ ಬರಲಿ, ಹನ್ನೊಂದು ಗಂಟೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಮತ್ತೆ ಪರಿಷ್ಕರಣೆಯಾಗಿದೆ. ಈಗಿನ ಪ್ರತಿಯಲ್ಲಿ ನಿಮ್ಮ ರೋಗದ ಪುಟವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ.

ಕಾಣದ ನೋವನ್ನು ಪಟ್ಟಿಗೆ ಸೇರಿಸುವುದು ದೆಹಲಿಯ ಕೆಲಸ, ಅದಕ್ಕೆ ಹೊತ್ತು ಹಿಡಿಯಬಹುದು. 32,000 ರೂಪಾಯಿಯ ಮಿತಿ ಹಾಗಲ್ಲ. ಅದು ನಮ್ಮದೇ ರಾಜ್ಯದ ಆದೇಶ, ಏರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಶಾಸಕರು ಮುಂದಿನ ಬಜೆಟ್ಟಿಗೆ ಮೊದಲು ಅದೊಂದನ್ನು ಕೇಳಲಿ, 800ರ ಮಾತು ಆಮೇಲೆ.