ತೆಂಗಿನ ತೋಟದ ಕೊಳವೆ ಸಂದುಗಳಿಗೆ ತಕ್ಕ ಟೆಫ್ಲಾನ್ ಟೇಪು

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗೇ ಜೀವನಾಧಾರ. ಮಳೆ ಕಡಮೆಯಾದ ಈ ಸೀಮೆಯ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನು ನಂಬಿರುವುವು. ಬಹು ವೆಚ್ಚದಿಂದ ಮೇಲೆತ್ತಿದ ನೀರು ಮರದ ಬುಡವನ್ನು ಸೇರುವ ಮೊದಲೇ ಸಂದುಗಳಲ್ಲಿ ಸೋರಿಹೋಗುವುದುಂಟು. ಒಂದು ಸಂದಿನಿಂದ ನಿಮಿಷಕ್ಕೆ ಒಂದು ಲೀಟರು ಸೋರಿದರೆ ಪಂಪು ೬ ಗಂಟೆ ನಡೆಯುವಷ್ಟರಲ್ಲಿ ೩೬೦ ಲೀಟರು ನಷ್ಟವಾಗುವುದು. ಬೇಸಗೆಯಲ್ಲಿ ಪಾತಿಗೆ ನೀರು ಹಾಯಿಸುವಾಗ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ ೨೦೦ ಲೀಟರು ಕೊಡಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆ. ಈ ಲೆಕ್ಕದಲ್ಲಿ ಆ ಒಂದು ಸಂದು ದಿನವೂ ಏಳು ಮರಗಳ ಪಾಲನ್ನು ಕುಡಿಯುವುದು.

ಹಿಂದೆ ಕಬ್ಬಿಣದ ಕೊಳವೆಗಳ ತಿರುಪಿಗೆ ಸೆಣಬಿನ ನಾರನ್ನು ಸುತ್ತಿ ಸಫೇತವನ್ನು ಬಳಿಯುತ್ತಿದ್ದರು. ಸೀಸದಿಂದಾದ ಸಫೇತವು ವಿಷವಾದುದರಿಂದ ಕುಡಿಯುವ ನೀರಿಗೆ ಸಲ್ಲದು. ೧೯೩೮ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದ ವಸ್ತುವಿನಿಂದ ಟೆಫ್ಲಾನ್ ಟೇಪು ತಯಾರಾಗುವುದು. ಇದು ಅಂಟಲ್ಲ, ತಿರುಪಿನ ಗೆರೆಗಳ ನಡುವಣ ಸಂದನ್ನು ತುಂಬಿ, ಜಾರಿಕೆಯನ್ನು ಕೊಟ್ಟು, ಬಿಗಿಯಲು ಅನುಕೂಲಮಾಡುವುದು. ಆದುದರಿಂದ ತಿರುಪೇ ನೀರನ್ನು ತಡೆಯಬೇಕಾದ ಸಂದಿಗೆ ಮಾತ್ರ ಇದನ್ನು ಉಪಯೋಗಿಸತಕ್ಕದ್ದು.

ಆಯ್ಕೆಯ ಕ್ರಮ:

೧. ಅರ್ಧದಿಂದ ಒಂದು ಅಂಗುಲದ ಜಿ.ಐ. ಕೊಳವೆ, ಹಿತ್ತಾಳೆಯ ವಾಲ್ವು: ೧೨ ಮಿಲಿಮೀಟರು ಅಗಲದ ಸಾಧಾರಣ ಬಿಳಿಯ ಟೇಪು, ನಾಲ್ಕೈದು ಸುತ್ತು. ಒಂದೂವರೆ ಅಂಗುಲಕ್ಕೆ ಮೇಲ್ಪಟ್ಟವಕ್ಕೆ ಅಗಲವಾದ ದಪ್ಪ ಟೇಪು ಮೇಲು.

೨. ಪಿ.ವಿ.ಸಿ. ತಿರುಪು: ತೆಳು ಟೇಪು, ಎರಡು ಮೂರು ಸುತ್ತು. ಕೈಯಿಂದ ಬಿಗಿದು, ಅನಂತರ ಒಂದು ಸುತ್ತು ತಿರುಗಿಸಿದರೆ ಸಾಕು. ಟೇಪು ಹೆಚ್ಚಾದರೆ ಹೊರಗಿನ ಭಾಗವು ಸೀಳುವುದು. ಲೋಹವೂ ಪ್ಲಾಸ್ಟಿಕ್ಕೂ ಕೂಡುವಲ್ಲಿ ಪ್ಲಾಸ್ಟಿಕ್ ಒಳಗೆ, ಲೋಹವು ಹೊರಗೆ ಇರತಕ್ಕದ್ದು.

೩. ತುಕ್ಕುಹಿಡಿಯದ ಉಕ್ಕು: ನಿಕ್ಕಲ್ ಸೇರಿದ ಬೂದುಬಣ್ಣದ ಟೇಪು. ಇದರಿಂದ ತಿರುಪು ಕಚ್ಚಿಕೊಳ್ಳುವುದಿಲ್ಲ.

೪. ಗೋಬರ್ ಅನಿಲದ ಕೊಳವೆ: ಅನಿಲಕ್ಕೆಂದೇ ತಯಾರಾದ ಹಳದಿ ಬಣ್ಣದ ದಟ್ಟ ಟೇಪು. ಬಣ್ಣವನ್ನು ಮಾತ್ರ ನಂಬದೆ ಸುರುಳಿಯ ಮೇಲಣ ಬರಹವನ್ನೂ ಓದಿ ಕೊಳ್ಳಬೇಕು.

೫. ಟೇಪು ಕೂಡದ ಸ್ಥಳಗಳು: ರಬ್ಬರ್ ಉಂಗುರವುಳ್ಳ ಕೊಳವೆಬಾವಿಯ ಪಿ.ವಿ.ಸಿ. ಕಾಲಮ್ ಪೈಪು, ಯೂನಿಯನ್ನಿನ ಮುಖ, ವಾಷರಿರುವ ಸಂದು, ಅಂಟುದ್ರಾವಣದ ಸಂದು. ಇಲ್ಲಿ ಟೇಪು ಪ್ರಯೋಜನಕ್ಕೆ ಬಾರದು. ಕೆಲವೆಡೆ ಹಾನಿಯೂ ಉಂಟು.

ಸುತ್ತುವ ವಿಧಾನ: ಗೆರೆಗಳನ್ನು ಒರಸಿ ಒಣಗಿಸಬೇಕು. ತುದಿಯ ಒಂದು ಗೆರೆಯನ್ನು ಬಿಟ್ಟು, ಕೊಳವೆಯ ತುದಿಯನ್ನು ತನ್ನ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಟೇಪನ್ನು ಎಳೆದು ಸುತ್ತಬೇಕು. ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಬೇಕಾಗಿ ಬಂದರೆ ಹಳೆಯ ಟೇಪನ್ನು ತೆಗೆದು ಹೊಸದನ್ನು ಹಾಕತಕ್ಕದ್ದು. ತುದಿಯಿಂದಾಚೆಗೆ ಜೋತುಬಿದ್ದ ಚೂರು ಹರಿದು ಹನಿ ನೀರಾವರಿಯ ಡ್ರಿಪ್ಪರನ್ನು ಮುಚ್ಚುವುದು. ಫಿಲ್ಟರಿನಿಂದ ಮುಂದಿನ ಸಂದುಗಳಲ್ಲಿ ಇದು ವಿಶೇಷವಾಗಿ ಅಪಾಯಕರ.

ತೊಟ್ಟಿಯಿಂದ ನೀರೆಳೆಯುವ ಪಂಪಿನ ಹೀರುಕೊಳವೆಯ ಸಂದು ಸಡಿಲವಾದರೆ ಹೊರಗೆ ಒಂದು ಹನಿಯೂ ಕಾಣದು. ಗಾಳಿ ಒಳಹೊಕ್ಕು ಪಂಪು ನೀರೆತ್ತದಾಗುವುದು. ಪಂಪೇ ಕೆಟ್ಟಿತೆಂದು ಬಿಚ್ಚುವ ಮೊದಲು ಈ ಸಂದನ್ನು ನೋಡುವುದು ಲೇಸು.

ಬೇಸಗೆಗೆ ಮುಂಚೆ ಒಂದು ದಿನ ಪಂಪನ್ನು ನಡೆಸಿ, ಪ್ರತಿ ಸಂದನ್ನೂ ಒಣಬಟ್ಟೆಯಿಂದ ಒರಸಿ ಪರೀಕ್ಷಿಸುವ ವಾಡಿಕೆಯನ್ನು ಗ್ರಾಮದ ಮುಖಂಡರು ತಮ್ಮ ತೋಟಗಳಿಂದಲೇ ಪ್ರಾರಂಭಿಸಿದರೆ ನೆರೆಯವರೂ ಅನುಸರಿಸುವರು. ಅಲ್ಪ ವೆಚ್ಚದ ಒಂದು ಸುರುಳಿಯಿಂದ ಒಣಗುವ ಮರಗಳು ಉಳಿಯುವುವು.