ಬಂಡಿದಾರಿಗೊಂದು ಹಗುರ ಬೈಕು

ನಂಜನಗೂಡು, ತಿ. ನರಸೀಪುರದ ಕಡೆ ಮಣ್ಣುದಾರಿಯಲ್ಲಿ ಗಾಡಿ ಓಡಿಸುವುದು ಯಾರಿಗೂ ಹೊಸತಲ್ಲ. ಟಿವಿಎಸ್ ಎಕ್ಸ್‌ಎಲ್‌ನ ಮುಂದೆ ಒಂದು ಮೂಟೆ ಯೂರಿಯಾ, ಹಿಂದೆ ಹಸಿಹುಲ್ಲಿನ ಹೊರೆ ಕಟ್ಟಿಕೊಂಡು, ಕೆಸರಿನಲ್ಲಿ ಎರಡೂ ಕಾಲು ಇಳಿಬಿಟ್ಟು ಬರುವ ರೈತನಿಗೆ ಇದನ್ನೊಂದು ಹವ್ಯಾಸ ಎಂದರೆ ನಕ್ಕಾನು. ಈಗ ಹೊಸತಾಗಿರುವುದು ಇಷ್ಟೇ: ಅದೇ ದಾರಿಗೆ ಭಾನುವಾರ ಬೆಳಿಗ್ಗೆ ಬರೀ ಖುಷಿಗೆ ಇಳಿಯಬೇಕೆನ್ನುವವರಿಗೆ, ಅದಕ್ಕೆಂದೇ ಮಾಡಿದ ಗಾಡಿ ಕೈಗೆಟುಕುವ ಬೆಲೆಗೆ ಸಿಗುತ್ತಿದೆ.

ಮೈಸೂರು ಸೀಮೆಗೂ ಬೈಕಿಗೂ ನಂಟು ಹಳೆಯದು. ಯಾದವಗಿರಿಯಲ್ಲಿ 1961ರಿಂದ ಜಾವಾ, ಯೆಜ್ಡಿಗಳನ್ನು ತಯಾರಿಸಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ನಂಜನಗೂಡು ರಸ್ತೆಯ ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆ ಈಗಲೂ ಇದೆ. ಆದರೆ ಮಣ್ಣಿಗೆ ತಕ್ಕ ಅಗ್ಗದ ಬೈಕು ನಮ್ಮ ದೇಶದಲ್ಲಿ ಬಹಳ ಕಾಲ ಇರಲಿಲ್ಲ. 2011ರಲ್ಲಿ ಹೀರೊ ಕಂಪನಿ 150 ಸಿಸಿಯ ಇಂಪಲ್ಸ್ ತಂದಿತು. ಕೊಳ್ಳುವವರು ಕಡಿಮೆಯಾಗಿ ಅದು ನಿಂತುಹೋಯಿತು. 2019ರ ಮೇ ತಿಂಗಳಲ್ಲಿ ಅದೇ ಕಂಪನಿಯ ಎಕ್ಸ್‌ಪಲ್ಸ್ 200 ಲಕ್ಷದ ಆಸುಪಾಸಿನ ಶೋರೂಂ ಬೆಲೆಗೆ ಬಂದ ಮೇಲೆ ಲೆಕ್ಕ ಬದಲಾಯಿತು. 2025ರಲ್ಲಿ ನೀರಿನಿಂದ ತಣಿಯುವ ಎಂಜಿನ್ನಿನ ಎಕ್ಸ್‌ಪಲ್ಸ್ 210 ಬಂತು. 2024ರ ಕೊನೆಗೆ 3.30 ಲಕ್ಷಕ್ಕೆ ಭಾರತಕ್ಕೆ ಬಂದ ಕವಾಸಾಕಿ ಕೆಎಲ್‌ಎಕ್ಸ್ 230, ಮರುವರ್ಷವೇ ಎರಡು ಲಕ್ಷದೊಳಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂದದ್ದು ಕೊಳ್ಳುವವರಿಗೆ ಇನ್ನೊಂದು ಅನುಕೂಲ.

ಗಾಡಿ ಆರಿಸುವಾಗ

ಈ ಆಟದಲ್ಲಿ ಬೀಳುವುದು ಖಾತ್ರಿ. ಬಿದ್ದ ಗಾಡಿಯನ್ನು ಒಬ್ಬರೇ ಎತ್ತಿ ನಿಲ್ಲಿಸುವಂತಿರಬೇಕು, ಮುರಿದ ಕ್ಲಚ್ ಲಿವರ್ ನಂಜನಗೂಡಿನ ಬಿಡಿಭಾಗದ ಅಂಗಡಿಯಲ್ಲೇ ಸಿಗಬೇಕು, ಟ್ಯಾಂಕಿಗೆ ಗೀರು ಬಿದ್ದರೆ ಹೊಟ್ಟೆ ಉರಿಯಬಾರದು. ಇಲ್ಲಿನ ದಾರಿಗಳಿಗೆ 150ರಿಂದ 230 ಸಿಸಿ ಸಾಕು ಎಂದು ನಾನು ಹೇಳುವುದು ಇದಕ್ಕೇ. ಹಿಮಾಲಯನ್‌ನಂಥ ಗಾಡಿಗಳು ದೂರದ ಪ್ರಯಾಣಕ್ಕೆ ಚೆನ್ನ. ಆದರೆ 200 ಕಿಲೋ ಹತ್ತಿರದ ತೂಕ ಕಬ್ಬಿನ ಗದ್ದೆಯ ಓಣಿಯಲ್ಲಿ ಮಗ್ಗುಲಾದರೆ ಎತ್ತಲು ಇನ್ನೊಬ್ಬರನ್ನು ಕೂಗಬೇಕು. ಎಕ್ಸ್‌ಪಲ್ಸ್ 200 ಸುಮಾರು 155ರಿಂದ 160 ಕಿಲೋ, ಕೆಎಲ್‌ಎಕ್ಸ್ 230 ಇನ್ನೂ ಕಡಿಮೆ, 140 ಕಿಲೋ ಆಸುಪಾಸು.

ಎತ್ತರವನ್ನೂ ನೋಡಿಕೊಳ್ಳಿ. ಎಕ್ಸ್‌ಪಲ್ಸ್ 200ರ ಸೀಟು ನೆಲದಿಂದ 82 ಸೆಂ.ಮೀ., ಕೆಎಲ್‌ಎಕ್ಸ್‌ನದು 88. ಗಿಡ್ಡನೆಯವರು ಶೋರೂಮಿನ ನುಣುಪು ನೆಲದ ಮೇಲೆ ಕೂತು ತೀರ್ಮಾನಿಸದೆ, ಹೊರಗೆ ಏರುಪೇರಿರುವ ಕಡೆ ಒಂದು ಕಾಲೂರಿ ನೋಡುವುದು ಒಳ್ಳೆಯದು. 21 ಇಂಚಿನ ಮುಂಗಾಲಿ, ಕಡ್ಡಿ ಚಕ್ರ, ಎಂಜಿನ್ ಕೆಳಗೆ ತಗಡಿನ ಕಾವಲು, ಈ ಮೂರಿದ್ದರೆ ಗಾಡಿ ಮಣ್ಣಿನದ್ದು. ಟ್ಯಾಂಕಿನ ಮೇಲೆ ಬೆಟ್ಟದ ಚಿತ್ರ ಅಂಟಿಸಿದ್ದೆಲ್ಲ ಮಣ್ಣಿನ ಗಾಡಿ ಆಗುವುದಿಲ್ಲ.

ಕಲಿಯುವವರಿಗೆ ಹಳೆಯ ಗಾಡಿಯೇ ವಾಸಿ. ಮೊದಲು ಕಣ್ಣು ಹಾಕಬೇಕಾದ್ದು ಎಂಜಿನ್ ಕೆಳಗಿನ ತಗಡಿಗೆ: ಅಲ್ಲಿ ಎಷ್ಟು ಜಜ್ಜಿದೆಯೋ ಅಷ್ಟು ಕಲ್ಲು ಕಂಡಿದೆ ಎಂದು ತಿಳಿಯಿರಿ. ಮುಂದಿನ ಶಾಕಬ್ಸರ್‌ನ ಕೊಳವೆಗೆ ಬೆರಳಾಡಿಸಿದಾಗ ಎಣ್ಣೆ ಅಂಟಿದರೆ ಸೀಲು ಹೋಗಿದೆ. ಮುಂಗಾಲಿ ಎತ್ತಿ ತಿರುಗಿಸಿ ರಿಮ್ಮು ಓಲಾಡುತ್ತದೆಯೇ ನೋಡಿ, ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಸಡಿಲವಾದದ್ದರ ದನಿ ಬೇರೆ ಬರುತ್ತದೆ. ಏರ್ ಫಿಲ್ಟರ್ ತೆಗೆಸಿ ನೋಡಲು ಒಪ್ಪದ ಮಾರಾಟಗಾರನಿಂದ ಗಾಡಿ ಬೇಡ. ಆರ್‌ಸಿಯಲ್ಲಿ ಸಾಲದ ನಮೂದು, ವಿಮೆ, ಬಾಕಿ ದಂಡ ಎಲ್ಲವೂ ಪರಿವಾಹನ್ ತಾಣದಲ್ಲಿ ಸಿಗುತ್ತವೆ.

ಒಂದು ಎಚ್ಚರಿಕೆ. ಕೆಎಲ್‌ಎಕ್ಸ್ 110, 140, 230 ಆರ್‌ಎಸ್‌ನಂಥ ಗಾಡಿಗಳಿಗೆ ಆರ್‌ಟಿಒ ನೋಂದಣಿಯೇ ಇಲ್ಲ. ಬೇಲಿ ಹಾಕಿದ ಖಾಸಗಿ ಜಾಗ ಬಿಟ್ಟು ಊರ ರಸ್ತೆ ದಾಟಲೂ ಅವು ಬರುವುದಿಲ್ಲ.

ಮೈಗೆ, ಗಾಡಿಗೆ

ಗಾಡಿಗೆಂದು ಇಟ್ಟ ದುಡ್ಡಿನಲ್ಲಿ ಹದಿನೈದಿಪ್ಪತ್ತು ಸಾವಿರ ಮೊದಲೇ ಮೈಗೆ ತೆಗೆದಿಡಿ. ಐಎಸ್‌ಐ ಗುರುತಿನ ಪೂರ್ತಿ ಮುಖದ ಹೆಲ್ಮೆಟ್, ಮಂಡಿ ಮೊಣಕೈಗಳ ಕಾವಲು, ಕೈಗವಸು. ಬೂಟಿನ ವಿಷಯದಲ್ಲಿ ಜಿಪುಣತನ ಬೇಡ, ಮಣ್ಣಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಕಣಕಾಲು. ಬೈಕಿನ ಬೂಟು ದುಬಾರಿಯೆನಿಸಿದರೆ ಕಾರ್ಖಾನೆಯವರು ಹಾಕುವ, ಕಣಕಾಲು ಮುಚ್ಚುವ ಸೇಫ್ಟಿ ಶೂ ಆದೀತು. ಚಪ್ಪಲಿ ಖಂಡಿತ ಆಗದು.

ಗಾಡಿಗೆ ಹೆಚ್ಚೇನೂ ಸೇರಿಸಬೇಕಿಲ್ಲ. ಹ್ಯಾಂಡಲ್ಲಿಗೆ ಗಟ್ಟಿ ಕೈಕಾವಲು ಹಾಕಿಸಿದರೆ ಲಿವರು ಉಳಿಯುತ್ತದೆ. ಲಿವರಿನ ಹಿಡಿಕೆಯ ಬೋಲ್ಟನ್ನು ತೀರಾ ಬಿಗಿಯಾಗಿ ತಿರುಗಿಸಬೇಡಿ, ಬಿದ್ದಾಗ ಅದು ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಸೈಲೆನ್ಸರ್ ಬದಲಿಸುವುದು ಮಾತ್ರ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಸದ್ದಿಗೆ ಎತ್ತು ಬೆದರಿ ಗಾಡಿ ಸಮೇತ ಓಡಿದರೆ ಮತ್ತೆ ಆ ಊರಿನ ದಾರಿ ನಿಮಗೆ ಸಿಗುವುದಿಲ್ಲ.

ಪಂಕ್ಚರ್ ಅಂಗಡಿ ಎಲ್ಲ ಊರಲ್ಲೂ ಉಂಟು, 21 ಇಂಚಿನ ಟ್ಯೂಬ್ ಎಲ್ಲೂ ಇರುವುದಿಲ್ಲ. ಅದನ್ನು ಚೀಲದಲ್ಲಿಟ್ಟುಕೊಳ್ಳಿ, ಹಿಂಗಾಲಿ ಪಂಕ್ಚರಾದರೂ ಸದ್ಯಕ್ಕೆ ಅದನ್ನೇ ಮಡಚಿ ಹಾಕಿ ಮನೆ ಸೇರಬಹುದು.

ಮೊದಲ ಪಾಠ

ಮೊದಲು ಊರಾಚೆಯ ಖಾಲಿ ಬಯಲು ಸಾಕು. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮಂಡಿ ಸ್ವಲ್ಪ ಮಡಚಿ, ಮೊಣಕೈ ಹೊರಚಾಚಿ, ಎರಡನೇ ಗೇರಿನಲ್ಲಿ ಎಂಟರ ಆಕಾರದಲ್ಲಿ ನಿಧಾನ ಸುತ್ತಿ. ಕಣ್ಣು ಮುಂಗಾಲಿಯ ಬುಡದಲ್ಲಿರದೆ, ಹೋಗಬೇಕಾದ ಕಡೆ ಇರಲಿ. ಹಳ್ಳವನ್ನೇ ನೋಡಿದರೆ ಗಾಡಿ ಹಳ್ಳಕ್ಕೇ ಹೋಗುತ್ತದೆ. ಹಿಂದಿನ ಬ್ರೇಕು ಎಷ್ಟು ತುಳಿದರೆ ಚಕ್ರ ಜಾರುತ್ತದೆಂಬುದು ಪಾದಕ್ಕೆ ಗೊತ್ತಾಗುವತನಕ ಅದನ್ನೇ ಮಾಡಿ. ಸಡಿಲ ಮರಳು ಸಿಕ್ಕಿದಾಗ ಮೈಯನ್ನು ಹಿಂದಕ್ಕೆ ಸರಿಸಿ ಎಕ್ಸಲೇಟರ್ ಹಿಡಿದೇ ಇರಬೇಕು. ಹೆದರಿ ಬಿಟ್ಟಿರೋ, ಮುಂಗಾಲಿ ಹೂತು ಗಾಡಿ ಮಲಗುತ್ತದೆ.

ಮಣ್ಣಿಗಿಳಿಯುವಾಗ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ, 20 ಪಿಎಸ್‌ಐ ಆಸುಪಾಸಿಗೆ ತಂದರೆ ಹಿಡಿತ ಸಿಗುತ್ತದೆ. ಟ್ಯೂಬ್ ಟೈರಾದ್ದರಿಂದ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಕಚ್ಚಿ ತೂತಾಗುತ್ತದೆ. ಡಾಂಬರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಿ. ಸರಿಯಾಗಿ ಗುರುಮುಖೇನ ಕಲಿಯಬೇಕೆಂದರೆ, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಎಂಬ ತರಬೇತಿ ಮೈದಾನವನ್ನೇ ಕಟ್ಟಿದವರು.

ಯಾವ ದಾರಿ, ಯಾವ ಕಾಲ

ದಾರಿ ಹುಡುಕಲು ಸರ್ಕಾರದ ದಿಶಾಂಕ್ ಆ್ಯಪ್ ಒಳ್ಳೆಯ ಸಾಧನ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯನ್ನೂ ಜೊತೆಗಿಟ್ಟುಕೊಂಡರೆ ಯಾವುದು ನಕಾಶೆ ಕಂಡ ಬಂಡಿದಾರಿ, ಯಾವುದು ಯಾರದೋ ಹಿಡುವಳಿಯೊಳಗಿನ ಕಾಲುಹಾದಿ ಎಂದು ತಿಳಿಯುತ್ತದೆ. ಆದರೂ ಕೇಳಿ ಹೋಗುವುದೇ ಮೇಲು. ಗಾಡಿ ಆಫ್ ಮಾಡಿ, ಹೆಲ್ಮೆಟ್ ತೆಗೆದು, “ಯಜಮಾನ್ರೇ, ಈ ದಾರಿ ಹೋಯ್ತದಾ?” ಎಂದರೆ, “ಹೋಯ್ತದೆ ಕಣಪ್ಪ, ಮುಂದೆ ಹಳ್ಳದಲ್ಲಿ ಹುಷಾರು” ಎಂದು ಯಾವ ನಕಾಶೆಯೂ ಹೇಳದ್ದನ್ನು ಹೇಳುತ್ತಾರೆ.

ಹೊಸಬರಿಗೆ ನಂಜನಗೂಡಿನ ದಕ್ಷಿಣ–ಪೂರ್ವದ ಬದನವಾಳು, ದೊಡ್ಡಕವಲಂದೆ ಕಡೆಯ ಮಳೆಯಾಶ್ರಿತ ಹೊಲಗಳ ನಡುವಿನ ದಾರಿಗಳು ಹಿತ. ಕೈ ಕುದುರಿದ ಮೇಲೆ ಸುತ್ತೂರಿನಿಂದ ಕಪಿಲೆ ಹರಿಯುವ ದಿಕ್ಕಿನಲ್ಲೇ ತಿ. ನರಸೀಪುರದವರೆಗೆ ಊರಿಂದೂರಿಗೆ ಸಾಗಬಹುದು. ನಾಲೆ ಏರಿಯ ದಾರಿ ನೋಡಲು ಚೆಂದ, ನೆರಳೂ ಇದೆ. ಆದರೆ ನಾಲೆಯಲ್ಲಿ ನೀರು ತುಂಬಿ ಹರಿಯುವ ತಿಂಗಳುಗಳಲ್ಲಿ ಅದರ ಮೇಲೆ ಬೇಡ. ಗಾರೆ ಹಾಕಿದ ಇಳಿಜಾರಿಗೆ ಜಾರಿದವರು ಬೂಟು, ಹೆಲ್ಮೆಟ್ ಸಮೇತ ಹತ್ತಿ ಬರುವುದು ಕಷ್ಟ. ಉಳಿದ ಕಾಲದಲ್ಲೂ ನೀರುಗಂಟಿಯನ್ನು ಕೇಳಿಯೇ ಹೋಗಿ. ಗೇಟು ಹಾಕಿದ್ದರೆ ವಾಪಸ್ಸು.

ಇಲ್ಲಿನ ದಾರಿಯ ಹಣೆಬರಹ ಬರೆಯುವುದು ಮಣ್ಣು. ಕೆಮ್ಮಣ್ಣು ಮಳೆ ನಿಂತ ಮರುದಿನವೇ ಸವಾರಿಗೆ ಹದವಾಗಿರುತ್ತದೆ. ಎರೆಭೂಮಿ ಹಾಗಲ್ಲ. ನಾಲ್ಕು ಹನಿ ಬಿದ್ದರೂ ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗದಂತೆ ನಿಲ್ಲಿಸಿಬಿಡುತ್ತದೆ. ಆಗ ಕೋಲಿನಿಂದ ಕೆರೆದು ತೆಗೆಯುವುದೊಂದೇ ದಾರಿ, ಹತ್ತು ಮಾರು ಹೋದರೆ ಮತ್ತೆ ಅದೇ ಕತೆ. ಎರಡು ತಾಲ್ಲೂಕಿನಲ್ಲೂ ಎರಡೂ ಮಣ್ಣು ಅಕ್ಕಪಕ್ಕ ಇರುವುದರಿಂದ, ಮಳೆಯಾದ ವಾರ ಎರೆಹೊಲದ ದಾರಿ ಬಿಟ್ಟುಬಿಡಿ. ಒಣಗಿದ ಮೇಲೂ ಎತ್ತಿನಗಾಡಿ, ಟ್ರ್ಯಾಕ್ಟರಿನ ಜಾಡು ಕಲ್ಲಿನಂತೆ ಗಟ್ಟಿಯಾಗಿ ಮುಂಗಾಲಿಯನ್ನು ಹಿಡಿದುಕೊಳ್ಳುತ್ತದೆ.

ಡಿಸೆಂಬರಿನಿಂದ ಫೆಬ್ರುವರಿವರೆಗೆ ಹವೆ ಸೊಗಸು, ದಾರಿ ಒಣಗಿರುತ್ತದೆ. ಸುಗ್ಗಿಯೂ ಆಗಲೇ. ಹುರುಳಿ, ರಾಗಿಯನ್ನು ರಸ್ತೆಗೇ ಹರವಿರುತ್ತಾರೆ. ಹುರುಳಿ ಹೊಟ್ಟು, ಬಳ್ಳಿ ಚೈನಿಗೆ ಸುತ್ತಿಕೊಂಡರೆ ಚಕ್ರ ಕಚ್ಚುತ್ತದೆ, ಬಿಸಿ ಸೈಲೆನ್ಸರಿಗೆ ತಗುಲಿದರೆ ಬೆಂಕಿಯ ಭಯ. ಸುತ್ತು ಬಳಸಿ ಹೋಗಿ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳೂ ಇಕ್ಕಟ್ಟಿನ ರಸ್ತೆಗಳಲ್ಲಿ ಎದುರಾಗುತ್ತವೆ, ತಿರುವಿನಲ್ಲಿ ಹಾರ್ನ್ ಮಾಡಿ. ಕುರಿಮಂದೆ ಬಂದರೆ ಎಂಜಿನ್ ಆರಿಸಿ ನಿಲ್ಲುವುದೇ ಸರಿ.

ಇಳಿಯಬಾರದ ಜಾಗ

ತಲಕಾಡಿನ ಮರಳ ದಿಬ್ಬ ಕಂಡರೆ ಬೈಕಿನವರ ಕೈ ತುರಿಸುತ್ತದೆ. ಅದು ಗಂಗರ ರಾಜಧಾನಿ, ಮರಳಿನಡಿ ಗುಡಿಗಳಿವೆ, ಅಗೆತ ನಡೆದ ಜಾಗವಿದೆ. ಅಲ್ಲಿ ಚಕ್ರ ಇಳಿಸಲೇಬಾರದು. ತಿ. ನರಸೀಪುರದ ಸಂಗಮದ ಮರಳು, ಮುಡುಕುತೊರೆ ಬೆಟ್ಟಕ್ಕೂ ಇದೇ ಮಾತು. ಹೆಡಿಯಾಲದ ಕಡೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶ ಶುರುವಾಗುತ್ತದೆ. ಅನುಮತಿಯಿಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಿದ್ದಾರೆ, ಮುಸ್ಸಂಜೆ ಹೊತ್ತು ಆ ಕಡೆ ತಲೆ ಹಾಕದಿರುವುದೇ ಕ್ಷೇಮ.

ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಿಮೆ ಪಾಲಿಸಿಗಳು ರೇಸ್ ಓಡಿಸುವಾಗಿನ ಹಾನಿಯನ್ನು ಕಟ್ಟಿಕೊಡುವುದಿಲ್ಲ, ಗೆಳೆಯರ ಜೊತೆ ಪಂದ್ಯ ಕಟ್ಟುವವರು ಇದನ್ನು ನೆನಪಿಡಿ. ಒಬ್ಬರೇ ಹೋಗಬೇಡಿ, ಕನಿಷ್ಠ ಇಬ್ಬರಿರಿ. ಯಾವ ಊರಿನ ಕಡೆ ಹೊರಟಿರೆಂದು ಮನೆಯಲ್ಲಿ ಹೇಳಿ. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112.

ಮನೆಗೆ ಬಂದ ಮೇಲೆ ಅರ್ಧ ಗಂಟೆ ಕೆಲಸ ಉಂಟು. ಏರ್ ಫಿಲ್ಟರಿನ ಧೂಳು ಕೊಡವಿ, ಅಥವಾ ಬದಲಿಸಿ. ಮಣ್ಣುದಾರಿಯ ಗಾಡಿಗೆ ಸರ್ವೀಸ್ ಪುಸ್ತಕದ ಲೆಕ್ಕ ಸಾಲದು. ಚೈನು ಒರೆಸಿ ಎಣ್ಣೆ ಬಿಡಿ, ಕಡ್ಡಿ ಬಿಗಿ ನೋಡಿ, ಬೋಲ್ಟುಗಳಿಗೆ ಒಂದು ಸುತ್ತು ಸ್ಪ್ಯಾನರ್ ಹಾಕಿ. ಮತ್ತೆ, ಗಾಡಿ ತೊಳೆಯಲು ಕಪಿಲೆಯ ದಡಕ್ಕೆ ತರಬೇಡಿ. ಎರಡು ಬಕೆಟ್ ನೀರು ಹಿಡಿದು ಮನೆಯಂಗಳದಲ್ಲೇ ತೊಳೆಯಿರಿ. ಸ್ನಾನಕ್ಕೆ, ಕುಡಿಯಲು ಅದೇ ನೀರನ್ನು ನಂಬಿದ ಊರುಗಳು ಕೆಳಗಿವೆ.